ಅಲ್ಟಿಮೇಟ್3ಎಸ್ ವಿಸ್ಪರ್ ಕಿಟ್: ಊರ ಗದ್ದಲದ ನಡುವೆ ಇರೋ ಹ್ಯಾಮ್‌ಗಳಿಗೆ

ಮೊದಲೇ ಹೇಳಿಬಿಡುತ್ತೇನೆ, ರೇಡಿಯೋದಲ್ಲಿ ಯಾರ ಜೊತೆಗಾದರೂ ಮಾತಾಡಬೇಕು ಅನ್ನೋ ಆಸೆ ಇದ್ದರೆ ಕ್ಯೂಆರ್‌ಪಿ ಲ್ಯಾಬ್ಸ್‌ನವರ ಅಲ್ಟಿಮೇಟ್3ಎಸ್ ಕಿಟ್ ತರಿಸಬೇಡಿ. ಇದಕ್ಕೆ ಮೈಕ್ ಇಲ್ಲ, ಸ್ಪೀಕರ್ ಇಲ್ಲ, ರಿಸೀವರೇ ಇಲ್ಲ. ಗಡಿಯಾರ ನೋಡಿಕೊಂಡು ಎರಡು ನಿಮಿಷಕ್ಕೆ ಸ್ವಲ್ಪ ಕಡಿಮೆ ಹೊತ್ತು ಒಂದು ಪುಟ್ಟ ಸಂದೇಶ ಕಳಿಸುತ್ತದೆ, ಸುಮ್ಮನಾಗುತ್ತದೆ, ಆಮೇಲೆ ಮತ್ತೆ ಅದನ್ನೇ ಕಳಿಸುತ್ತದೆ. ಅಷ್ಟೇ ಇದರ ಕೆಲಸ, ಈ ಪದ್ಧತಿಗೆ ವಿಸ್ಪರ್ (WSPR) ಅಂತ ಹೆಸರು. ಆದರೂ ಬೆಂಗಳೂರಲ್ಲಿ ಮನೆ ಮಾಡಿಕೊಂಡಿರೋ ನನ್ನಂಥ ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೋದವರಿಗೆ, ಈ ದುಡ್ಡಿಗೆ ಇಷ್ಟು ಉಪಯೋಗಕ್ಕೆ ಬಂದ ಸಾಮಾನು ಇನ್ನೊಂದಿಲ್ಲ.

ಕಾರಣ ಗದ್ದಲ. ನಮ್ಮ ಬೀದಿಯಲ್ಲಿ 20 ಮೀಟರ್ ಬ್ಯಾಂಡ್ (14 ಮೆಗಾಹರ್ಟ್ಜ್ ಆಸುಪಾಸಿನ ಹ್ಯಾಮ್‌ಗಳ ಜಾಗ) ಹಾಕಿದರೆ ಕೇಳಿಸೋದು ಎಲ್‌ಇಡಿ ಬಲ್ಬು, ಯುಪಿಎಸ್, ಮೊಬೈಲ್ ಚಾರ್ಜರ್, ಅಕ್ಕಪಕ್ಕದ ಸೋಲಾರ್ ಇನ್ವರ್ಟರ್ ಎಲ್ಲ ಸೇರಿ ಮಾಡುವ ಕರಕರ. ಸಂಜೆಯಾದರೆ ಸಿಗ್ನಲ್ ಬಲ ತೋರಿಸೋ ಎಸ್ ಮೀಟರ್ 9ರಿಂದ ಕೆಳಗೆ ಇಳಿಯುವುದೇ ಇಲ್ಲ. ಆಸ್ಟ್ರೇಲಿಯಾದವರು ನಮ್ಮನ್ನೇ ಕರೆದರೂ ಗೊತ್ತಾಗುವುದಿಲ್ಲ. ಆದರೆ ಈ ತೊಂದರೆ ಇರೋದು ಕೇಳೋದಕ್ಕೆ ಮಾತ್ರ, ಕಳಿಸೋದಕ್ಕೆ ಏನೂ ಅಡ್ಡಿಯಿಲ್ಲ, ಅಲ್ವಾ? ಇಲ್ಲಿಂದ ಹೋದ ಸಿಗ್ನಲ್ಲನ್ನು ಊರಾಚೆ ತೋಟದಲ್ಲೋ ಬೆಟ್ಟದಲ್ಲೋ ಒಳ್ಳೆ ರಿಸೀವರ್ ಇಟ್ಟುಕೊಂಡವರು ಹಿಡಿಯುತ್ತಾರೆ, ಅವರ ಕಂಪ್ಯೂಟರ್ ಅದನ್ನು ತಾನಾಗೇ ವಿಸ್ಪರ್‌ನೆಟ್ ತಾಣಕ್ಕೆ ಹಾಕುತ್ತದೆ, ನಾವು ಮೊಬೈಲ್‌ನಲ್ಲಿ ನೋಡಿಕೊಂಡರಾಯಿತು.

ಹೊಸಬರಿಗೆ ಎರಡು ಮಾತು. ವಿಸ್ಪರ್ ಪದ್ಧತಿಯನ್ನು 2008ರಲ್ಲಿ ತಂದವರು ಜೋ ಟೇಲರ್, ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗೋ ರೇಡಿಯೋ ಹೆಸರು) ಕೆ1ಜೆಟಿ. ಜೋಡಿ ಪಲ್ಸಾರ್ ಕಂಡುಹಿಡಿದದ್ದಕ್ಕೆ ರಸೆಲ್ ಹಲ್ಸ್ ಜೊತೆ 1993ರ ಭೌತಶಾಸ್ತ್ರದ ನೊಬೆಲ್ ಪಡೆದವರು ಇವರೇ. ಆಕಾಶದ ಕ್ಷೀಣ ಸಿಗ್ನಲ್ ಹುಡುಕಿ ಅಭ್ಯಾಸವಾದವರು ಹ್ಯಾಮ್‌ಗಳಿಗೂ ಅದೇ ದಾರಿ ತೋರಿಸಿದರು. ಸಂದೇಶದಲ್ಲಿ ಇರೋದು ಮೂರೇ: ನಿಮ್ಮ ಕಾಲ್‌ಸೈನ್, ನಾಲ್ಕಕ್ಷರದ ಗ್ರಿಡ್ (ಭೂಪಟದ ಚೌಕದ ಗುರುತು), ಎಷ್ಟು ಪವರ್ ಅನ್ನೋದು. ಒಟ್ಟು 50 ಬಿಟ್. ಅದನ್ನು ತಪ್ಪು ತಿದ್ದುವ ಕೋಡ್ ಸೇರಿಸಿ 162 ಚಿಹ್ನೆಗಳಾಗಿ ಹಿಗ್ಗಿಸಿ, ನಾಲ್ಕು ಸ್ವರಗಳಲ್ಲಿ 110.6 ಸೆಕೆಂಡು ನಿಧಾನಕ್ಕೆ ಕಳಿಸುತ್ತಾರೆ. ಇಷ್ಟಕ್ಕೆ ಬೇಕಾದ ಜಾಗ ಬರೀ 6 ಹರ್ಟ್ಜ್. ಸಿಗ್ನಲ್ ಗದ್ದಲಕ್ಕಿಂತ 28 ಡೆಸಿಬಲ್ ಕೆಳಗಿದ್ದರೂ ಸಾಫ್ಟ್‌ವೇರ್ ಹೆಕ್ಕಿ ತೆಗೆಯುತ್ತದೆ, ಕಿವಿಗೆ ಏನೂ ಕೇಳಿಸಿರುವುದಿಲ್ಲ. ಈ ಕಿಟ್‌ನಿಂದ ಹೊರಗೆ ಹೋಗೋದು ಸುಮಾರು 200 ಮಿಲಿವ್ಯಾಟ್, ಅಂದರೆ ಅಡುಗೆಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬು ತಿನ್ನುವುದರಲ್ಲಿ 45ರಲ್ಲಿ ಒಂದು ಪಾಲು.

ಕಿಟ್ ಬಗ್ಗೆ. ಮೆದುಳು ಎಟಿಮೆಗಾ328 ಚಿಪ್, ಫ್ರೀಕ್ವೆನ್ಸಿ ಹುಟ್ಟಿಸೋದು ಎಸ್‌ಐ5351ಎ, ಕೊನೆಯಲ್ಲಿ ಪವರ್‌ಗೆ ಒಂದು ಬಿಎಸ್170 ಟ್ರಾನ್ಸಿಸ್ಟರ್, ಇನ್ನೆರಡಕ್ಕೆ ಬೋರ್ಡಿನಲ್ಲೇ ಜಾಗ ಇದೆ. ಮುಂದೆ ಎರಡು ಸಾಲಿನ ಎಲ್‌ಸಿಡಿ, ಎರಡು ಬಟನ್. ಡಬ್ಬಿ ಬೇರೆ, ಜಿಪಿಎಸ್ ಬೇರೆ. ನಾನು ತರಿಸಿದಾಗ ಬರೀ ಕಿಟ್ 33 ಡಾಲರ್ ಆಸುಪಾಸಿನಲ್ಲಿತ್ತು, ಬೇಕಾದ್ದೆಲ್ಲ ಸೇರಿಸಿ ಸಾಗಣೆ, ಸುಂಕ ಕೊಡೋ ಹೊತ್ತಿಗೆ ದುಪ್ಪಟ್ಟು ದಾಟಿತು. ಜೋಡಿಸೋ ಪುಸ್ತಕ ಮಾತ್ರ ಬಹಳ ಚೆನ್ನಾಗಿದೆ. ಯಾವ ರೆಸಿಸ್ಟರ್ ಎಲ್ಲಿ ಅಂತ ಪ್ರತಿ ಹೆಜ್ಜೆಗೂ ಬಣ್ಣದ ಚಿತ್ರ ಇದೆ. ಪಿಡಿಎಫ್ ಉಚಿತ, ಕೊಳ್ಳೋ ಮುಂಚೆನೇ ಓದಿ ನೋಡಿ, ಕೈಲಾಗುತ್ತೋ ಇಲ್ವೋ ಅಂತ ಅಲ್ಲೇ ಗೊತ್ತಾಗಿಬಿಡುತ್ತದೆ.

ತಾಳ್ಮೆ ಬೇಡೋದು ಫಿಲ್ಟರ್. ಪ್ರತಿ ಬ್ಯಾಂಡಿಗೂ ಮೇಲಿನ ಫ್ರೀಕ್ವೆನ್ಸಿಗಳು ಹೊರಗೆ ಹೋಗದಂತೆ ತಡೆಯೋ ಒಂದೊಂದು ಲೋ ಪಾಸ್ ಫಿಲ್ಟರ್ ಬೇಕು, ಅದರ ಕಾಯಿಲ್ ನಾವೇ ಸುತ್ತಬೇಕು. 20 ಮೀಟರ್‌ಗಾದರೆ ಬೆರಳ ತುದಿಗಿಂತ ಚಿಕ್ಕ ಹಳದಿ ಉಂಗುರ ಮೂರು, ಕ್ರಮವಾಗಿ 16, 17, 16 ಸುತ್ತು. ತಂತಿ ಉಂಗುರದ ಒಳಗೆ ಒಮ್ಮೆ ತೂರಿದರೆ ಒಂದು ಸುತ್ತು, ಹೊರಗಿನಿಂದ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಇನ್ನೊಂದು, ತಂತಿಯ ಮೇಲೆ ಎನಾಮೆಲ್ ಇರುತ್ತದೆ. ತುದಿಯನ್ನು ಬ್ಲೇಡಿನಿಂದ ಕೆರೆದು, ಬೆಸುಗೆ ಬೆಳ್ಳಗೆ ಹರಡಿಕೊಳ್ಳೋ ತನಕ ಕಾಯಿಸಬೇಕು. ಹಾಗೆ ಮಾಡದಿದ್ದರೆ, ಬೋರ್ಡ್ ಮೇಲೆ ನೋಡುವಾಗ ಬೆಸುಗೆ ಚೆನ್ನಾಗೇ ಕೂತಂತೆ ಕಾಣುತ್ತದೆ, ಒಳಗೆ ಎನಾಮೆಲ್ ಹಾಗೇ ಉಳಿದು ಕನೆಕ್ಷನ್ನೇ ಇರುವುದಿಲ್ಲ. ಡಿಸ್‌ಪ್ಲೇ ಬರುತ್ತಿದೆ, ಪವರ್ ಮಾತ್ರ ಹೊರಗೆ ಬರುತ್ತಿಲ್ಲ ಅಂದರೆ ಮಲ್ಟಿಮೀಟರ್ ತಗೊಂಡು ಮೊದಲು ಅಲ್ಲೇ ನೋಡಿ.

ಜಿಪಿಎಸ್ ಬಿಟ್ಟು ಬರೀ ಕಿಟ್ ಕೊಳ್ಳೋದರಲ್ಲಿ ಅರ್ಥವಿಲ್ಲ. ವಿಸ್ಪರ್ ಶುರುವಾಗಬೇಕಾದ್ದು ಯುಟಿಸಿ (ಜಾಗತಿಕ ಸಮಯ) ಸರಿಸಂಖ್ಯೆಯ ನಿಮಿಷ ಆಗಿ ಒಂದು ಸೆಕೆಂಡಿಗೆ. ನಮಗೂ ಯುಟಿಸಿಗೂ ಐದೂವರೆ ಗಂಟೆ ವ್ಯತ್ಯಾಸ ಇರೋದರಿಂದ ಸರಿ ನಿಮಿಷ ಎರಡೂ ಕಡೆ ಒಂದೇ, ಗೋಡೆ ಗಡಿಯಾರ ನೋಡಿದರೂ ನಡೆಯುತ್ತದೆ. ಆದರೆ ಕಿಟ್‌ನ ಗಡಿಯಾರ ದಿನ ಕಳೆದಂತೆ ಜಾರುತ್ತದೆ, ಒಂದೆರಡು ಸೆಕೆಂಡ್ ಆಚೀಚೆ ಆದರೆ ಆ ಕಡೆ ಡಿಕೋಡ್ ಆಗುವುದಿಲ್ಲ. ಜಿಪಿಎಸ್ ಇದ್ದರೆ ಸಮಯ, ಗ್ರಿಡ್, ಫ್ರೀಕ್ವೆನ್ಸಿ ಮೂರನ್ನೂ ಅದೇ ಸರಿಮಾಡಿಕೊಳ್ಳುತ್ತದೆ. ಆರ್‌ಸಿಸಿ ಸೂರಿನ ಕೆಳಗೆ ಉಪಗ್ರಹ ಸಿಗಲ್ಲ, ಕಿಟಕಿಯ ಹತ್ತಿರ ಇಡಿ.

ಫ್ರೀಕ್ವೆನ್ಸಿ ಯಾಕೆ ಅಷ್ಟು ಮುಖ್ಯ ಅಂದರೆ, ಇಡೀ ಪ್ರಪಂಚದ ವಿಸ್ಪರ್ 20 ಮೀಟರ್‌ನಲ್ಲಿ 14.0970ರಿಂದ 14.0972 ಮೆಗಾಹರ್ಟ್ಜ್ ಒಳಗೆ, ಬರೀ 200 ಹರ್ಟ್ಜ್ ಜಾಗದಲ್ಲಿ ನಡೆಯುತ್ತದೆ. 10 ಮೀಟರ್ ಬ್ಯಾಂಡಿಗೆ, ಅಂದರೆ 28 ಮೆಗಾಹರ್ಟ್ಜ್‌ಗೆ, ಹೋದರೆ ಫ್ರೀಕ್ವೆನ್ಸಿಗೆ ಆಧಾರವಾದ ಕ್ರಿಸ್ಟಲ್ ಹತ್ತು ಲಕ್ಷಕ್ಕೆ ಒಂದು ಪಾಲು ಅಲ್ಲಾಡಿದರೂ 28 ಹರ್ಟ್ಜ್ ಸರಿಯುತ್ತದೆ. ಬೋರ್ಡನ್ನು ಹಾಗೇ ಮೇಜಿನ ಮೇಲಿಟ್ಟು ಫ್ಯಾನ್ ಹಾಕಿ ನೋಡಿ, ರಿಪೋರ್ಟ್‌ನಲ್ಲಿ ಡ್ರಿಫ್ಟ್ (ಫ್ರೀಕ್ವೆನ್ಸಿ ಜಾರಿದ ಲೆಕ್ಕ) ಕಾಲಂ ಸೊನ್ನೆ ಬಿಟ್ಟು ಒಂದು, ಎರಡು ಅಂತ ಹೋಗುತ್ತದೆ. ನಾನು ಮುಚ್ಚಳ ಇರೋ ಸ್ಟೀಲ್ ಡಬ್ಬಿಯಲ್ಲಿಟ್ಟೆ, ನಿಂತಿತು. ಜಾಸ್ತಿ ಖರ್ಚು ಮಾಡೋ ಮನಸ್ಸಿದ್ದರೆ ಕ್ರಿಸ್ಟಲ್ಲನ್ನು ಒಂದೇ ಬಿಸಿಯಲ್ಲಿಡುವ ಓಸಿಎಕ್ಸ್‌ಒ ಬೋರ್ಡನ್ನೂ ಅವರೇ ಮಾಡಿದ್ದಾರೆ. 5 ವೋಲ್ಟ್‌ಗೆ ಸಿಕ್ಕ ಸಿಕ್ಕ ಚಾರ್ಜರ್ ಹಾಕಬೇಡಿ, ಟ್ರಾನ್ಸ್‌ಫಾರ್ಮರ್ ಇಟ್ಟು 7805 ಅನ್ನೋ ವೋಲ್ಟೇಜ್ ರೆಗ್ಯುಲೇಟರ್ ಹಾಕಿದ ಹಳೇ ಕಾಲದ ಸಪ್ಲೈ ಸಾಕು.

ಮೆನು ಬಗ್ಗೆ ಒಂದೇ ಮಾತು: ಎರಡೇ ಬಟನ್‌ನಲ್ಲಿ ಕಾಲ್‌ಸೈನ್‌ನ ಒಂದೊಂದು ಅಕ್ಷರ ತುಂಬೋದು ಬೇಜಾರಿನ ಕೆಲಸ, ಆದರೆ ಒಂದು ಸಲ ಮಾಡಿದರೆ ಮುಗೀತು.

ಈಗ ಖುಷಿಯ ವಿಷಯ. ತಾರಸಿಯ ಸಿಂಟೆಕ್ಸ್ ಟ್ಯಾಂಕ್ ಪಕ್ಕ ಒಂದು ಪೈಪ್ ನಿಲ್ಲಿಸಿ, ಎರಡೂ ಕಡೆ ಐದೈದು ಮೀಟರ್ ತಂತಿ ಇಳಿಬಿಟ್ಟಿದ್ದೇನೆ, ಅಷ್ಟೇ ಆಂಟೆನಾ. ತಾಣದಲ್ಲಿ ಒಂದು ಸಾಲು ಹೀಗೆ ಬರುತ್ತದೆ: ಸಮಯ, ನನ್ನ ಕಾಲ್‌ಸೈನ್, 14.097110, ಎಸ್‌ಎನ್‌ಆರ್ (ಗದ್ದಲಕ್ಕೆ ಹೋಲಿಸಿದ ಸಿಗ್ನಲ್ ಬಲ) ಮೈನಸ್ 24, ಡ್ರಿಫ್ಟ್ 0, ಗ್ರಿಡ್ ಎಂಕೆ82, 0.2 ವ್ಯಾಟ್, ಆಮೇಲೆ ಕೇಳಿದವರ ಕಾಲ್‌ಸೈನ್, ದೂರ. ಎಂಕೆ82 ಅಂದರೆ ಬೆಂಗಳೂರೂ ಹೌದು ಮೈಸೂರೂ ಹೌದು, ಮಂಗಳೂರಾದರೆ ಎಂಕೆ72. ಹಾಗಾಗಿ ಗ್ರಿಡ್ ನೋಡಿ ಮನೆ ಎಲ್ಲಿದೆ ಅಂತ ಯಾರಿಗೂ ಗೊತ್ತಾಗಲ್ಲ. ಸಂಜೆ ಹೊತ್ತು ಯುರೋಪಿನ ಸಾಲುಗಳು ಒಂದರ ಮೇಲೊಂದು ಬೀಳುತ್ತವೆ. ಅಂಟಾರ್ಕ್ಟಿಕಾದಲ್ಲಿ ಜರ್ಮನಿಯವರ ನೊಯ್‌ಮಾಯರ್ ಕೇಂದ್ರದಲ್ಲಿ ಡಿಪಿ0ಜಿವಿಎನ್ ಅನ್ನೋ ವಿಸ್ಪರ್ ರಿಸೀವರ್ ಇದೆ, ಬೆಂಗಳೂರಿಂದ ಹನ್ನೊಂದು ಸಾವಿರ ಕಿಲೋಮೀಟರ್‌ಗೂ ಆಚೆ. ಅದರ ಹೆಸರು ನನ್ನ ಪಟ್ಟಿಯಲ್ಲಿ ಬಂದಾಗ ಮನೆಯವರನ್ನೆಲ್ಲ ಕರೆದು ತೋರಿಸಿದೆ. "ಅವರು ಏನಂದ್ರು?" ಅಂತ ಕೇಳಿದರು. ಏನೂ ಅನ್ನಲ್ಲ ಅಂತ ವಿವರಿಸೋದು ಕಷ್ಟವಾಯಿತು.

ಒಂದು ಎಚ್ಚರಿಕೆ. ಆಂಟೆನಾ ಬದಲಾಯಿಸಿ, ನಿನ್ನೆ ಮೈನಸ್ 26 ಇತ್ತು ಇವತ್ತು ಮೈನಸ್ 20 ಆಯಿತು ಅಂತ ಕುಣಿಯಬೇಡಿ. ಸಿಗ್ನಲ್ಲನ್ನು ದೂರಕ್ಕೆ ತಿರುಗಿಸಿ ಕಳಿಸೋ ಮೇಲಿನ ವಾತಾವರಣದ ಅಯಾನುಗೋಳ ಗಂಟೆಗೊಂದು ಥರ ಇರುತ್ತದೆ, ಆ ಆರು ಡೆಸಿಬಲ್ ನಿಮ್ಮ ತಂತಿಯದ್ದೋ ಸೂರ್ಯನದ್ದೋ ಹೇಳಲಾಗದು. ನಿಮ್ಮದೇ ಗ್ರಿಡ್‌ನ ಇನ್ನೊಂದು ಸ್ಟೇಷನ್ನನ್ನು ಅದೇ ಹೊತ್ತಿನಲ್ಲಿ, ಅದೇ ರಿಸೀವರ್ ಎಷ್ಟಕ್ಕೆ ಕೇಳಿದೆ ನೋಡಿ, ಇಬ್ಬರ ನಡುವಿನ ಅಂತರ ಹೋಲಿಸಿ. ಹಳೆಯ ಲೆಕ್ಕಗಳನ್ನು ಹುಡುಕೋಕೆ ವಿಸ್ಪರ್ ಲೈವ್ ತಾಣ ಚೆನ್ನಾಗಿದೆ. ಹೀಗೆ ನೋಡಿದಾಗಲೇ ನನ್ನ ತಂತಿ ಉತ್ತರ ದಕ್ಷಿಣಕ್ಕೆ ಎಳೆದಿದ್ದಾಗ ಯುರೋಪಿಗೆ ಚೆನ್ನಾಗಿ ಹೋಗುತ್ತದೆ ಅನ್ನೋದು ಅನುಮಾನವಿಲ್ಲದೆ ತಿಳಿದದ್ದು.

ಇದಕ್ಕಿಂತ ಅಗ್ಗದ ದಾರಿ ಇಲ್ವಾ ಅಂದರೆ ಇದೆ. ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ಇದ್ದರೆ ಅದರ ಒಂದು ಪಿನ್ನಿಂದಲೇ ವಿಸ್ಪರ್ ಕಳಿಸೋ ಪ್ರೋಗ್ರಾಂ ಸಿಗುತ್ತದೆ. ಆದರೆ ಅದರಿಂದ ಬರೋದು ಚೌಕ ಅಲೆ, ಫಿಲ್ಟರ್ ಇಲ್ಲದೆ ತಂತಿ ಸಿಕ್ಕಿಸಿದರೆ ಮೂರುಪಟ್ಟು, ಐದುಪಟ್ಟು ಫ್ರೀಕ್ವೆನ್ಸಿಯಲ್ಲೂ ಹರಡುತ್ತದೆ, ಅದು ಬೇರೆಯವರ ಜಾಗ. ಆರ್ಡುಯಿನೋಗೆ ಎಸ್‌ಐ5351 ಬೋರ್ಡ್ ಸೇರಿಸಿ ಸ್ವಂತ ಕೋಡ್ ಬರೆಯೋರಿಗೆ ಅದೂ ಮಜಾ. ಇನ್ನು ಕೆಲವರು ಇದೇ ಪದ್ಧತಿಯನ್ನು ಕೆಲವೇ ಗ್ರಾಂ ತೂಕಕ್ಕೆ ಇಳಿಸಿ ಬಲೂನಿಗೆ ಕಟ್ಟಿ ಭೂಮಿ ಸುತ್ತಿಸುತ್ತಾರೆ. 2023ರ ಫೆಬ್ರವರಿಯಲ್ಲಿ ಅಮೆರಿಕದ ಎಫ್-22 ವಿಮಾನ ಕೆನಡಾದ ಯೂಕಾನ್ ಮೇಲೆ ಹೊಡೆದುರುಳಿಸಿದ ವಸ್ತು, ಅದೇ ಹೊತ್ತಿಗೆ ನಾಪತ್ತೆಯಾದ ಇಲಿನಾಯ್ ಹವ್ಯಾಸಿಗಳ ಇಂಥದ್ದೇ ಬಲೂನ್ ಇರಬಹುದು ಅಂತ ಗುಮಾನಿ ಎದ್ದಿತ್ತು, ಸಾಬೀತಾಗಲಿಲ್ಲ.

ಲೈಸೆನ್ಸ್ ಇಲ್ಲದೆ ಆಂಟೆನಾಗೆ ಸಿಕ್ಕಿಸಬೇಡಿ, ಇಷ್ಟು ಕಡಿಮೆ ಪವರ್ ಅಂದರೂ ಕಾನೂನು ಕಾನೂನೇ. ಪರೀಕ್ಷೆ ಪಾಸಾಗಿ ಕಾಲ್‌ಸೈನ್ ಬಂದ ಮೇಲೆ ಆರ್ಡರ್ ಮಾಡಿ. ಮೊದಲಿಗೆ ಜಿಪಿಎಸ್ ಮತ್ತು 20 ಮೀಟರ್ ಫಿಲ್ಟರ್ ಸಾಕು, ಬ್ಯಾಂಡ್ ತಾನೇ ಬದಲಾಯಿಸೋ ರಿಲೇ ಬೋರ್ಡ್ ಆಮೇಲೆ ನೋಡಿಕೊಳ್ಳಬಹುದು. ಟ್ರಾನ್ಸಿಸ್ಟರಿನ ಕರೆಂಟ್ ಹೊಂದಿಸೋ ಬಯಾಸ್ ಜಾಸ್ತಿ ತಿರುಗಿಸಿದರೆ ಬಿಎಸ್170 ಸುಟ್ಟುಹೋಗುತ್ತದೆ, ಒಂದೆರಡು ಜಾಸ್ತಿ ಇಟ್ಟುಕೊಂಡಿರಿ. ಬೆಂಗಳೂರಿನ ಎಸ್.ಪಿ. ರೋಡ್ ಅಂಗಡಿಗಳಲ್ಲಿ ಕೇಳಿದಾಗ ಅದೇ ಥರದ್ದು ಅಂತ 2ಎನ್7000 ಕೊಟ್ಟರೆ ತರಬೇಡಿ, ಅದು ತಡೆಯೋ ಕರೆಂಟ್ ಕಡಿಮೆ, ಕಾಲುಗಳ ಕ್ರಮವೂ ಉಲ್ಟಾ.