ಚಿಲ್ಟರ್ನ್ಸ್, ಸರ್ರಿ, ಕಾಟ್ಸ್‌ವೋಲ್ಡ್ಸ್: ರೆಡಿಂಗ್‌ನಿಂದ ಸೈಕಲ್ ತುಳಿದವನ ಲೆಕ್ಕ

ಆಗಸ್ಟಿನ ಮೂರು ದಿನದ ರಜೆಗೆಂದು ಇಂಗ್ಲೆಂಡಿನ ಗುಡ್ಡನಾಡಾದ ಕಾಟ್ಸ್‌ವೋಲ್ಡ್ಸ್‌ನ ಒಂದು ಹಳ್ಳಿಯಲ್ಲಿ ಎರಡು ರಾತ್ರಿಗೆ ರೂಮು ಹಿಡಿದಿದ್ದೆ. ರದ್ದು ಮಾಡಿದರೆ ದುಡ್ಡು ವಾಪಸಿಲ್ಲ ಅನ್ನುವ ಬಗೆಯದು, ಅದೇ ಅಗ್ಗ ಅಂತ. ಶನಿವಾರ ಮಧ್ಯಾಹ್ನ ಹಿಡಿದ ಮಳೆ ಸೋಮವಾರ ರೈಲು ಹತ್ತುವವರೆಗೂ ಬಿಡಲಿಲ್ಲ. ಸೈಕಲ್ಲನ್ನು ರೂಮಿನೊಳಗೆ ತರಬೇಡಿ ಅಂದರು. ಹಿತ್ತಿಲ ಶೆಡ್ಡಿನಲ್ಲಿ ಬಿಯರ್ ಪೀಪಾಯಿಗಳ ನಡುವೆ ಅದನ್ನು ನಿಲ್ಲಿಸಿ, ಕಿಟಕಿಯಿಂದ ಎದುರಿನ ಗೋಡೆ ನೆನೆಯುವುದನ್ನು ನೋಡುತ್ತ ಕೂತೆ. ಮುಂದಿನ ಶನಿವಾರ ಬೆಳಗ್ಗೆ ಆರಕ್ಕೆ ಮನೆ ಬಾಗಿಲಿಂದಲೇ ಚಿಲ್ಟರ್ನ್ಸ್ ಗುಡ್ಡಗಳ ಕಡೆ ಹೊರಟು, ಒಂಬತ್ತೂವರೆಗೆ ವಾಪಸ್ ಬಂದು ಬಿಸಿ ಉಪ್ಪಿಟ್ಟು ತಿಂದೆ. ಈ ಹೋಲಿಕೆಯಲ್ಲಿ ನಾನು ಯಾವ ಪಕ್ಷ ಅಂತ ಇಷ್ಟಕ್ಕೇ ಗೊತ್ತಾಗಿರಬೇಕು.

ನಮ್ಮ ಮನೆ ಇರುವುದು ಲಂಡನ್ನಿನ ಪಶ್ಚಿಮಕ್ಕಿರುವ ರೆಡಿಂಗ್‌ನಲ್ಲಿ, ಥೇಮ್ಸ್ ದಾಟಿದರೆ ಸಿಗುವ ಕ್ಯಾವರ್ಶಮ್ ಕಡೆ. ಗುಡ್ಡ, ಹಳ್ಳಿ, ಬೇಲಿ ಸಾಲಿನ ಸಣ್ಣ ರಸ್ತೆ ಬೇಕು ಅಂದರೆ ಇಲ್ಲಿಂದ ಮೂರು ದಾರಿ. ಕಾಟ್ಸ್‌ವೋಲ್ಡ್ಸ್‌ಗೆ ಮೋರ್ಟನ್-ಇನ್-ಮಾರ್ಷ್‌ವರೆಗೆ ನೇರ ರೈಲು. ಸರ್ರಿ ಹಿಲ್ಸ್‌ಗೆ ಗಿಲ್ಡ್‌ಫರ್ಡ್ ಮೇಲೆ ಹಾಯ್ದು ಡಾರ್ಕಿಂಗ್‌ಗೆ ಹೋಗುವ ರೈಲು. ಚಿಲ್ಟರ್ನ್ಸ್‌ಗೆ ರೈಲೂ ಬೇಡ, ಟಿಕೆಟ್ಟೂ ಬೇಡ.

ಮೊದಲು ಸರ್ರಿ. ಬಾಕ್ಸ್ ಹಿಲ್ ಹೆಸರು ಕೇಳದ ಸೈಕಲ್ಲಿಗರು ಈ ದೇಶದಲ್ಲಿ ಇರಲಾರರು. 2012ರ ಲಂಡನ್ ಒಲಿಂಪಿಕ್ಸ್ ರಸ್ತೆ ಓಟದಲ್ಲಿ ಗಂಡಸರು ಇದನ್ನು 9 ಸುತ್ತು, ಹೆಂಗಸರು 2 ಸುತ್ತು ಹಾಕಿದರು. ಗಂಡಸರ ಚಿನ್ನ ಕಜಕಿಸ್ತಾನದ ವಿನೊಕುರೊವ್‌ಗೆ, ಹೆಂಗಸರದು ನೆದರ್ಲೆಂಡ್ಸ್‌ನ ಮರಿಯಾನ್ ವೋಸ್‌ಗೆ. ಇಷ್ಟೆಲ್ಲ ಓದಿಕೊಂಡು ಹೋದ ನನಗೆ ಸಿಕ್ಕಿದ್ದು ಎರಡೂವರೆ ಕಿಲೋಮೀಟರಿನ ಸೌಮ್ಯವಾದ ಏರು. ದೇವನಹಳ್ಳಿ ದಾಟಿ ನಂದಿಬೆಟ್ಟ ಹತ್ತಿ ಅಭ್ಯಾಸವಿದ್ದವರಿಗೆ ಇದು ಕಾಲು ಬಿಸಿ ಮಾಡಿಕೊಳ್ಳುವ ಹೊತ್ತಿಗೇ ಮುಗಿಯುತ್ತದೆ. ಡಾಂಬರು ಮಾತ್ರ ನುಣ್ಣಗೆ, ಗಾರೆ ನೆಲದ ಹಾಗಿದೆ. ಮೇಲೆ ಕಾಫಿಗೆ ಸಾಲು, ಸಾಲಿನಲ್ಲಿ ನನ್ನ ಸ್ಕೂಟರಿಗಿಂತ ದುಬಾರಿ ಸೈಕಲ್ಲುಗಳು. ಕೋಲ್ಡ್‌ಹಾರ್ಬರ್ ಕಡೆಯಿಂದ ಲೀತ್ ಹಿಲ್ ಹತ್ತಿದರೆ ಸ್ವಲ್ಪ ಉಸಿರು ಬಿಡಿಸುತ್ತದೆ. ಸರ್ರಿಯ ಅತಿ ಎತ್ತರದ ಜಾಗ ಅದೇ, 294 ಮೀಟರ್. ಶೇರ್, ಪೀಸ್‌ಲೇಕ್ ಹಳ್ಳಿಗಳು ಚೆಂದ. ಆದರೆ ಭಾನುವಾರದ ಕಾರುಗಳು! ಸೈಕಲ್ಲಿಗೆ ಕನಿಷ್ಠ ಒಂದೂವರೆ ಮೀಟರ್ ಜಾಗ ಬಿಡಿ ಅಂತ 2022ರಿಂದ ಇಲ್ಲಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ ಹೇಳುತ್ತಿದೆ. ಓದಿದವರು ಶನಿವಾರ ಬರುತ್ತಾರೋ ಏನೋ.

ಕಾಟ್ಸ್‌ವೋಲ್ಡ್ಸ್ ಬಗ್ಗೆ ಅನ್ಯಾಯದ ಮಾತಾಡಲಾರೆ. ಹಿಂದೆ ಒಂದು ಸಲ ಬಿಸಿಲಿದ್ದ ದಿನ ಹೋಗಿದ್ದೆ. ಆ ಸುಣ್ಣಕಲ್ಲಿನ ಮನೆಗಳ ಬಣ್ಣವನ್ನು ಇಲ್ಲಿಯವರು ಜೇನಿಗೆ ಹೋಲಿಸುತ್ತಾರೆ, ನನ್ನ ಕಣ್ಣಿಗೆ ಅದು ಮಂಡ್ಯದ ಅಚ್ಚುಬೆಲ್ಲ. ಗುಡ್ಡದ ಸಾಲು ಪಶ್ಚಿಮಕ್ಕೆ ಕಡಿದಾಗಿ ಬಿದ್ದಿದೆ, ಪೂರ್ವಕ್ಕೆ ನಿಧಾನ ಇಳಿದಿದೆ. ಹಾಗಾಗಿ ಮೋರ್ಟನ್‌ನಿಂದ ಹೊರಟವರಿಗೆ ಏರು ತಿಳಿಯುವುದೇ ಇಲ್ಲ. ಬ್ರಾಡ್‌ವೇಗೆ ಧುಮುಕಿ, ಸ್ನೋಸ್‌ಹಿಲ್ ಮೇಲೆ ವಾಪಸ್ ಹತ್ತುವಾಗ ಸಾಲ ತೀರಿಸಬೇಕು. ಅಲ್ಲಿ ಎಷ್ಟೋ ಕಡೆ ಗಿಡದ ಬೇಲಿ ಬದಲು ಗಾರೆ ಹಾಕದೆ ಪೇರಿಸಿದ ಕಲ್ಲುಗೋಡೆ. ಈ ಗೋಡೆಯ ಮಹತ್ವ ಮುಂದೆ ಹೇಳುತ್ತೇನೆ. ಮೇಲಿನ ಬಯಲಲ್ಲಿ ಎದುರುಗಾಳಿಗೆ ಮರೆ ಇಲ್ಲ. ಬೋರ್ಟನ್-ಆನ್-ದ-ವಾಟರ್‌ನಲ್ಲಿ ಬೇಸಿಗೆ ಮಧ್ಯಾಹ್ನ ಸೈಕಲ್ ತಳ್ಳಿಕೊಂಡು ಹೋಗುವುದಕ್ಕೂ ಜಾಗವಿಲ್ಲ, ಅಷ್ಟು ಪ್ರವಾಸಿ ಬಸ್ಸು. ರೈಲಿನಲ್ಲಿ ಸೈಕಲ್ಲಿಗೂ ಮೊದಲೇ ಜಾಗ ಕಾದಿರಿಸಬೇಕು, ಅಂದರೆ ಹವಾಮಾನ ನೋಡಿಕೊಂಡು ಬೆಳಗ್ಗೆ ಎದ್ದು ಹೊರಡುವ ಸುಖ ಇಲ್ಲ.

ಇನ್ನು ನನ್ನ ಚಿಲ್ಟರ್ನ್ಸ್. ಕ್ಯಾವರ್ಶಮ್ ದಿಬ್ಬ ಹತ್ತಿ, ಸಾನಿಂಗ್ ಕಾಮನ್ ದಾಟಿ, ಸ್ಟೋಕ್ ರೋ, ನೆಟಲ್‌ಬೆಡ್, ಕ್ರಿಸ್‌ಮಸ್ ಕಾಮನ್. ಅಲ್ಲಿಂದ ಟರ್ವಿಲ್‌ಗೆ ಇಳಿದು ಫಿಂಜೆಸ್ಟ್, ಹ್ಯಾಂಬಲ್ಡನ್, ಹೆನ್ಲಿ, ಮನೆ. 60 ಕಿಲೋಮೀಟರ್ ಆಸುಪಾಸು. ಬೀಚ್ ಮರಗಳ ಕಾಡಿನೊಳಗೆ ಒಂದೇ ಕಾರು ಹಿಡಿಸುವ ರಸ್ತೆ, ತಲೆ ಮೇಲೆ ಕವಲು ಬಾಲದ ಕೆಂಪು ಹದ್ದುಗಳು. ಇಂಗ್ಲೆಂಡಿನಲ್ಲಿ ಪೂರ್ತಿ ಅಳಿದುಹೋಗಿದ್ದ ಇವನ್ನು 1989ರಿಂದ 1994ರವರೆಗೆ ಸ್ಪೇನಿನಿಂದ ತಂದು ಇದೇ ಗುಡ್ಡಗಳಲ್ಲಿ ಬಿಟ್ಟರಂತೆ. ಈಗ ನಮ್ಮೂರಿನ ಕಾಗೆಗಳ ಹಾಗೆ ಎಲ್ಲೆಂದರಲ್ಲಿ.

ಸ್ಟೋಕ್ ರೋದಲ್ಲಿ ಐದು ನಿಮಿಷ ನಿಲ್ಲದೆ ಮುಂದೆ ಹೋಗುವುದಿಲ್ಲ. ರಸ್ತೆ ಬದಿಯಲ್ಲೇ ಒಂದು ಈರುಳ್ಳಿ ಗುಮ್ಮಟ, ಅದರ ಕೆಳಗೆ ಹೊಂಬಣ್ಣದ ಆನೆ. ಕಾಶಿಯ ಮಹಾರಾಜರು ದುಡ್ಡು ಕೊಟ್ಟು ತೋಡಿಸಿದ ಬಾವಿ, 1864ರಲ್ಲಿ ಊರಿಗೆ ಬಿಟ್ಟುಕೊಟ್ಟದ್ದು. 368 ಅಡಿ ಆಳ, ಪೂರ್ತಿ ಕೈಯಲ್ಲೇ ಅಗೆದದ್ದು. ಮನೆಯಲ್ಲಿದ್ದ ಕೊನೆಯ ನೀರು ಕುಡಿದನೆಂದು ಇಲ್ಲಿ ಒಬ್ಬ ಹುಡುಗ ಏಟು ತಿಂದ ಕಥೆಯನ್ನು ಬನಾರಸಿನಲ್ಲಿದ್ದ ಆಂಗ್ಲ ಅಧಿಕಾರಿಯೊಬ್ಬರು ರಾಜರಿಗೆ ಹೇಳಿದ್ದರಂತೆ. ಇಷ್ಟು ಮಳೆಯ ನಾಡಿನಲ್ಲಿ ನೀರಿಗೆ ಯಾಕೆ ಬರ? ಕೆಳಗಿರುವುದು ಸೀಮೆಸುಣ್ಣ. ಬಿದ್ದ ನೀರೆಲ್ಲ ಅದರೊಳಗೆ ಇಂಗಿ ಪಾತಾಳ ಸೇರುತ್ತದೆ. ಶಾಲೆಯಲ್ಲಿ ಮೇಷ್ಟ್ರು ನಮ್ಮತ್ತ ಎಸೆಯುತ್ತಿದ್ದ ಸೀಮೆಸುಣ್ಣದ ‘ಸೀಮೆ’ ಇದೇ ಅಂತ ಹೊಳೆದದ್ದು ಈ ಬಾವಿಕಟ್ಟೆಯ ಬಳಿ.

ಅದೇ ಸೀಮೆಸುಣ್ಣವೇ ಈ ದಾರಿಯ ಒಂದೇ ಒಂದು ಕಾಟಕ್ಕೂ ಮೂಲ. ಅದರೊಳಗೆ ಚಕಮಕಿ ಕಲ್ಲಿನ ಗಂಟುಗಳಿವೆ. ಹಳ್ಳಿಯ ಮನೆ, ಚರ್ಚಿನ ಗೋಡೆಗೆಲ್ಲ ಅದೇ ಕಲ್ಲು, ನೋಡಲು ಬಲು ಸೊಗಸು. ಒಡೆದರೆ ಗಾಜಿನ ಅಂಚು. ಮಳೆ ಬಂದಾಗ ಇದರ ಚೂರುಗಳು ದಿಬ್ಬದಿಂದ ಕೊಚ್ಚಿಕೊಂಡು ರಸ್ತೆಗೆ ಬರುತ್ತವೆ. ನೀರು ಎಣ್ಣೆ ಸವರಿದ ಹಾಗೆ ಕೆಲಸ ಮಾಡಿ ಚೂರು ಟೈರಿನ ರಬ್ಬರಿನೊಳಗೆ ಸಲೀಸಾಗಿ ಇಳಿಯುತ್ತದೆ. ಸಾಲದ್ದಕ್ಕೆ ಬೇಲಿಯ ಮುಳ್ಳು. ಹಕ್ಕಿಗಳು ಗೂಡು ಕಟ್ಟುವ ಕಾಲವೆಂದು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಹೊಲದ ಬೇಲಿ ಕತ್ತರಿಸುವಂತಿಲ್ಲ. ಸೆಪ್ಟೆಂಬರ್ ಬಂತೆಂದರೆ ಟ್ರ್ಯಾಕ್ಟರುಗಳು ಇಳಿಯುತ್ತವೆ, ಹಾಥಾರ್ನ್ ಮುಳ್ಳಿನ ಕಡ್ಡಿಗಳು ರಸ್ತೆ ತುಂಬ. ಕಾಟ್ಸ್‌ವೋಲ್ಡ್ಸ್‌ನ ಕಲ್ಲುಗೋಡೆ ನೆನಪಾಗಿ ಹೊಟ್ಟೆಕಿಚ್ಚಾಗುವುದು ಆಗ.

ಹೋದ ಅಕ್ಟೋಬರ್‌ನಲ್ಲಿ ಟರ್ವಿಲ್ ಇಳಿಜಾರಿಗೆ ಮುಂಚೆ ಒಂದೇ ಬೆಳಗ್ಗೆ ಎರಡನೇ ಪಂಕ್ಚರ್. ಮೊದಲನೆಯದಕ್ಕೆ ಟ್ಯೂಬ್ ಬದಲಾಯಿಸಿ, ಟೈರಿನೊಳಗೆ ನೋಡದೆ ಹೊರಟದ್ದು ನನ್ನದೇ ತಪ್ಪು. ಈ ಸಲ ಟೈರನ್ನು ಪೂರ್ತಿ ಬಿಚ್ಚಿ, ಒಳಗೆ ಹೆಬ್ಬೆರಳು ಆಡಿಸುತ್ತ ಬಂದೆ. ಅರ್ಧ ಸುತ್ತಿಗೆ ಚುರ್ರ್ ಅಂತ ರಕ್ತ. ತೊಗರಿಬೇಳೆಗಿಂತ ಚಿಕ್ಕದು, ಕಪ್ಪಗೆ ಮಿರಮಿರ ಮಿಂಚುವ ಚೂರು. ಉಗುರಿನಿಂದ ಕೀಳಲು ಹೋದರೆ ಬರದು, ಕೊನೆಗೆ ಮನೆ ಬೀಗದ ಕೈ ತುದಿಯಿಂದ ಹೊರಗಿನಿಂದ ಎಬ್ಬಿಸಿದೆ. ಟೈರಿನಲ್ಲಿ ಅರ್ಧ ಸೆಂಟಿಮೀಟರ್ ಸೀಳು, ಗಾಳಿ ಹಾಕಿದರೆ ಟ್ಯೂಬ್ ಗುಳ್ಳೆಯಾಗಿ ಹೊರಗೆ ಇಣುಕುತ್ತಿತ್ತು. ನಮ್ಮ ಕಡೆಯಾದರೆ ಫರ್ಲಾಂಗಿಗೊಂದು ಪಂಕ್ಚರ್ ಅಂಗಡಿ, ಮರಕ್ಕೆ ನೇತುಹಾಕಿದ ಹಳೇ ಟೈರೇ ಬೋರ್ಡು. ಇಲ್ಲಿ ಇದ್ದದ್ದು ನಾನು, ಒಂದು ಕುರಿ ಹಿಂಡು, ಮೇಲೆ ನನ್ನ ಅಂತ್ಯಕ್ಕೆ ಕಾಯುವ ಹಾಗೆ ಸುತ್ತುತ್ತಿದ್ದ ಒಂದು ಹದ್ದು. ಜೇಬಿನಲ್ಲಿ ಕಡಲೆಕಾಯಿ ಚಿಕ್ಕಿ, ಚರ್ಚಿಲ್ ಚಿತ್ರವಿರುವ ಐದು ಪೌಂಡಿನ ನೋಟು. ಈಗಿನ ನೋಟು ಪ್ಲಾಸ್ಟಿಕ್, ಹರಿಯುವುದಿಲ್ಲ. ನಾಲ್ಕು ಮಡಿಕೆ ಮಾಡಿ ಸೀಳಿನ ಹಿಂದೆ ಇಟ್ಟು, ಟ್ಯೂಬಿಗೆ ತೇಪೆ ಹಚ್ಚಿ ಗಾಳಿ ತುಂಬಿದೆ. ಚರ್ಚಿಲ್ ಸಾಹೇಬರು ಟೈರಿನೊಳಗೆ ಕೂತು ಭಾರತೀಯನೊಬ್ಬನ ಭಾರ ಹೊತ್ತು ಹೆನ್ಲಿ ತನಕ ಬಂದರು. ಅಲ್ಲಿಂದ ಟ್ವೈಫರ್ಡ್ ಮೇಲೆ ರೈಲು ಹಿಡಿದು ಮನೆ.

ಅದಾದ ಮೇಲೆ 25 ಮಿ.ಮೀ. ಅಗಲದ ಟೈರು ತೆಗೆದು 32ರದ್ದು ಹಾಕಿಸಿದೆ, ಒಳಗೆ ಗಟ್ಟಿ ಪಟ್ಟಿ ಇರುವಂಥದ್ದು. ಗಾಳಿ ಕಮ್ಮಿ ಇಡುತ್ತೇನೆ. ವೇಗ ಸ್ವಲ್ಪ ಹೋಯಿತು. ಅದಾದಾಗಿನಿಂದ ಇವತ್ತಿನವರೆಗೆ ಒಂದೇ ಪಂಕ್ಚರ್. ಈ ಟೈರಿನ ಖರ್ಚು ಸೇರಿಸಿದರೂ ಕಾಟ್ಸ್‌ವೋಲ್ಡ್ಸ್‌ನ ಆ ಒಂದು ರಾತ್ರಿಯ ಬಾಡಿಗೆಗಿಂತ ಕಮ್ಮಿಯೇ.

ಲಂಡನ್ನಿನ ದಕ್ಷಿಣದಲ್ಲಿ ಮನೆ ಮಾಡಿದವರು ಸರ್ರಿಗೇ ಹೋಗಲಿ, ಗುಂಪಿನಲ್ಲಿ ತುಳಿಯುವವರಿಗೂ ಅದೇ ಸರಿ. ಊರಿಂದ ಅಪ್ಪ ಅಮ್ಮ ಬಂದಾಗ ನಾನೂ ಕಾಟ್ಸ್‌ವೋಲ್ಡ್ಸ್‌ಗೇ ಕರೆದುಕೊಂಡು ಹೋಗುತ್ತೇನೆ, ಕಾರಿನಲ್ಲಿ. ಆದರೆ ಶನಿವಾರ ಹನ್ನೊಂದಕ್ಕೆ ಮಗಳನ್ನು ಕನ್ನಡ ಪಾಠಕ್ಕೆ ಬಿಡಬೇಕಾದವನಿಗೆ, ಮಳೆ ನಿಂತಿದೆಯಾ ಅಂತ ಕಿಟಕಿಯಿಂದ ನೋಡಿ ಹತ್ತು ನಿಮಿಷದಲ್ಲಿ ಹೊರಡುವವನಿಗೆ ಬೇರೆ ದಾರಿಯೇ ಇಲ್ಲ. ಚರ್ಚಿಲ್ ಈಗಲೂ ಸೀಟಿನ ಕೆಳಗಿನ ಚೀಲದಲ್ಲೇ ಇದ್ದಾರೆ, ನಾಲ್ಕು ಮಡಿಕೆಯಾಗಿ.