ಅಂಟೋ ಎಲಾಸ್ಟಿಕ್ಕೋ? ಮಂಗಳೂರಿನ ಸೆಖೆಯಲ್ಲಿ ಲೇಸ್ ವಿಗ್

ಅಲೋಪೀಸಿಯಾದಿಂದ ನನ್ನ ಕೂದಲು ಉದುರಿ ಎರಡು ವರ್ಷವಾಯಿತು. ಅಂದಿನಿಂದ ಲೇಸ್ ಫ್ರಂಟ್ ವಿಗ್ ಹಾಕುತ್ತಿದ್ದೇನೆ. ಅದರ ಮುಂಭಾಗದಲ್ಲಿ ಕೂದಲು ಕಟ್ಟಿದ ತೆಳು ಬಲೆಯಂಥ ಬಟ್ಟೆ ಇರುತ್ತದೆ, ಅದೇ ಲೇಸ್. ನನ್ನದರಲ್ಲಿ ಅದು ಕಿವಿಯಿಂದ ಕಿವಿಗೆ 13 ಇಂಚು, ಹಣೆಯಿಂದ ಹಿಂದಕ್ಕೆ 4 ಇಂಚು.

ಮೊದಲು ಅಂಟು ಹಚ್ಚಿ ನೋಡಿದೆ. ಲೇಸ್ ಹಣೆಗೆ ಎಷ್ಟು ಚೆನ್ನಾಗಿ ಕೂತಿತೆಂದರೆ ಕನ್ನಡಿಯಲ್ಲಿ ಅಂಚೇ ಕಾಣಲಿಲ್ಲ. ಆದರೆ ಏಪ್ರಿಲ್‌ನಲ್ಲಿ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವಾಗ ಬೆವರು ಇಳಿಯಿತು ನೋಡಿ, ಅಂಟು ಹಾಲಿನ ಹಾಗೆ ಬಿಳಿಯಾಗಿ ಅಂಚಿನಲ್ಲಿ ಎದ್ದು ಕಂಡಿತು. ನೀರಿನಲ್ಲಿ ತಯಾರಿಸಿದ (ವಾಟರ್ ಬೇಸ್ಡ್) ಅಂಟಿಗೆ ತೇವ ತಾಗಿದರೆ ಹೀಗೇ. ತೆಗೆಯುವಾಗ ಹಣೆ ಕೆಂಪಾಗಿ ಉರಿಯಿತು. ಕೈಯ ಮೇಲೆ ಒಂದು ದಿನ ಮೊದಲೇ ಹಚ್ಚಿ ನೋಡಬೇಕಿತ್ತು.

ಈಗ ಎಲಾಸ್ಟಿಕ್ ಪಟ್ಟಿ. ವಿಗ್ಗಿನ ಒಳಗೆ ಕಿವಿಯಿಂದ ಕಿವಿಗೆ, ತಲೆಯ ಹಿಂಭಾಗಕ್ಕೆ ಬರುವಂತೆ ಹೊಲಿಯುವುದು. ಅದು ಹಿಂದಕ್ಕೆ ಎಳೆದು ಲೇಸನ್ನು ಹಣೆಗೆ ಒತ್ತುತ್ತದೆ. ಅಂಟಿನಷ್ಟು ಮಾಯವಾಗುವುದಿಲ್ಲ, ನಿಜ. ಲೇಸನ್ನು ನೇರ ಕತ್ತರಿಸದೆ ಅಂಕುಡೊಂಕಾಗಿ ಕತ್ತರಿಸಿದರೆ ಅಂಚು ತುಂಬ ಕಡಿಮೆ ಕಾಣುತ್ತದೆ. ಮಲ್ಪೆಯ ಗಾಳಿಗೆ ಮುಂಭಾಗ ಸ್ವಲ್ಪ ಎದ್ದಿತು. ಆದರೆ ಸಂಜೆ ಬಿಚ್ಚಿದಾಗ ಚರ್ಮಕ್ಕೆ ಏನೂ ಆಗಿರುವುದಿಲ್ಲ. ನನಗೆ ಅದೇ ದೊಡ್ಡದು.

ಇನ್ನು ಗಂಟುಗಳು. ಲೇಸಿಗೆ ಕೂದಲು ಕಟ್ಟಿದ ಕಪ್ಪು ಚುಕ್ಕೆಗಳು. ಅವು ಕಾಣದಿರಲಿ ಅಂತ ಮೊದಲ ವಿಗ್‌ಗೆ ಬ್ಲೀಚ್ ಹಾಕಿದೆ. ತೆಳ್ಳಗೆ ಕಲಸಿದ್ದೆ, ಅದು ಲೇಸ್ ದಾಟಿ ಕೂದಲಿಗೆ ಇಳಿದು ಬುಡ ಕಿತ್ತಳೆಯಾಯಿತು. ಎರಡನೆಯದಕ್ಕೆ ಒಳಗಿನಿಂದ ನನ್ನ ಬಣ್ಣದ ಫೌಂಡೇಶನ್ ಪೌಡರ್ ಅಷ್ಟೇ. ಹತ್ತಿರದಿಂದ ನೋಡಿದರೆ ಬ್ಲೀಚ್ ಚೆಂದ, ಆದರೆ ಅದರಿಂದ ಗಂಟು ಸಡಿಲವಾಗಿ ಕೂದಲು ಉದುರುತ್ತದೆ. ಮನೆಯಲ್ಲೇ ಮಾಡುವವರಿಗೆ ಪೌಡರೇ ಸಾಕು. ಬ್ಲೀಚ್ ಬೇಕೇಬೇಕು ಅಂದರೆ ಗಟ್ಟಿಯಾಗಿ ಕಲಸಿ, ಒತ್ತಬೇಡಿ.

ಮುಖಕ್ಕೆ ಸಹಜತೆ ಕೊಟ್ಟಿದ್ದು ಇದೆಲ್ಲಕ್ಕಿಂತ ಜಾಸ್ತಿ ಚಿಮಟ, ಮಾರಾಯ್ರೇ. ಅಂಗಡಿಯಿಂದ ಬಂದ ಹಣೆಗೆರೆ ಗೋಡೆಯ ಹಾಗಿರುತ್ತದೆ. ಅಂಚಿನಿಂದ ತುಸು ಹಿಂದೆ, ಅಲ್ಲೊಂದು ಇಲ್ಲೊಂದು ಕೂದಲು ಕೀಳಬೇಕು. ಒಂದೇ ಜಾಗದಲ್ಲಿ ಕಿತ್ತರೆ ತೂತು ಬಿದ್ದ ಹಾಗೆ ಕಾಣುತ್ತದೆ. ನಾನು ನಾಲ್ಕು ದಿನ ತೆಗೆದುಕೊಂಡೆ, ದಿನಕ್ಕೆ ಹತ್ತು ನಿಮಿಷ.

ಮದುವೆಗೆ ಹೋಗುವ ದಿನ ಮಾತ್ರ ಎಲಾಸ್ಟಿಕ್ಕೂ ಬೇಕು, ಅಂಟುವಂಥದ್ದೂ ಬೇಕು. ಶಂಕರಪುರ ಮಲ್ಲಿಗೆಯ ಒಂದು ಚೆಂಡು ಮುಡಿದರೆ ಆ ಭಾರಕ್ಕೆ ವಿಗ್ ಹಿಂದಕ್ಕೆ ಜಾರುತ್ತದೆ. ಅದಕ್ಕೆ ಎಲಾಸ್ಟಿಕ್ಕಿನ ಜೊತೆ ಎರಡೂ ಕೆನ್ನೆಗೂದಲ ಹತ್ತಿರ ಸಣ್ಣ ಅಂಟು ಟೇಪ್ ಹಚ್ಚುತ್ತೇನೆ. ಪಿನ್ನು ಹಿಂದಿನ ಹೊಲಿಗೆಯ ಸಾಲಿಗೆ ಚುಚ್ಚಬೇಕು, ಲೇಸಿಗೆ ಚುಚ್ಚಿದರೆ ಹರಿದೇ ಹೋಗುತ್ತದೆ.