ವಿಮರ್ಶೆ ಬರೆಯಲು ಕಲಿಸುವ ನಾಲ್ಕು ಭಾನುವಾರದ ತರಗತಿ: ಐದಕ್ಕೆ ನಾಲ್ಕು

ಬ್ಯಾಂಕಿನ ಕೆಲಸದ ಜೊತೆಗೆ ದೂರಶಿಕ್ಷಣದಲ್ಲಿ ಕನ್ನಡ ಎಂ.ಎ. ಓದುತ್ತಿದ್ದೇನೆ. ಮೊದಲ ವರ್ಷ ವಿಮರ್ಶೆಯ ಪ್ರಶ್ನೆಗಳಲ್ಲೆಲ್ಲ ಅಂಕ ಕಡಿಮೆ ಬಂತು. ಪುಟಗಟ್ಟಲೆ ಬರೆದಿದ್ದೆ, ಎಲ್ಲಿ ತಪ್ಪಿದೆ ಎಂದು ಹೇಳುವವರಿರಲಿಲ್ಲ. ಹಾಗಾಗಿ ಶಿವಮೊಗ್ಗದಲ್ಲಿ ನಿವೃತ್ತ ಅಧ್ಯಾಪಕರೊಬ್ಬರು ನಡೆಸುವ ಈ ತರಗತಿಗೆ 1,200 ರೂಪಾಯಿ ಕಟ್ಟಿ ಸೇರಿದೆ.

ಮೊದಲ ದಿನದ ಉಪನ್ಯಾಸ ಸಾಧಾರಣ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಹೈಸ್ಕೂಲಿನಲ್ಲೇ ಕೇಳಿದ್ದು. ನಿಜವಾದ ಪಾಠ ಶುರುವಾದದ್ದು ನನ್ನ ಕರಡು ತಿದ್ದಿಸಿಕೊಂಡು ಕೈಗೆ ಬಂದಾಗ.

ನಾನು ಆರಿಸಿಕೊಂಡದ್ದು ರನ್ನನ ಗದಾಯುದ್ಧ ಕಾವ್ಯದ ದುರ್ಯೋಧನನನ್ನು. ಮೊದಲ ಮುಕ್ಕಾಲು ಪುಟ ಕವಿಯ ಪರಿಚಯ: ಊರು ಮುದುವೊಳಲು, ಬಳೆಗಾರರ ಮನೆತನ, ಪಂಪ, ಪೊನ್ನರೊಡನೆ ರತ್ನತ್ರಯರಲ್ಲಿ ಒಬ್ಬ, ಚಾಲುಕ್ಯ ದೊರೆ ತೈಲಪ ಕೊಟ್ಟ ಕವಿಚಕ್ರವರ್ತಿ ಬಿರುದು. ಅಷ್ಟಕ್ಕೂ ಅಡ್ಡಗೆರೆ ಎಳೆದು, ಅಂಚಿನಲ್ಲಿ "ಇದರಲ್ಲಿ ನಿಮ್ಮ ವಾದಕ್ಕೆ ಬೇಕಾದದ್ದು ಯಾವುದು?" ಎಂದು ಬರೆದಿದ್ದರು. ಯಾವುದೂ ಇರಲಿಲ್ಲ. ವಾದವೇ ಇರಲಿಲ್ಲ.

ಮೂರನೇ ಪುಟದಲ್ಲಿ ಇನ್ನೊಂದು ಗುರುತು. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನ ಭೀಮನ ಗರ್ಜನೆ ಕೇಳಿ ನೀರೊಳಗಿದ್ದೂ ಬೆವರುತ್ತಾನಲ್ಲ, ಅಲ್ಲಿ ನಾನು "ಭಯದಿಂದ ಬೆವರಿದ" ಎಂದು ಬರೆದಿದ್ದೆ. "ಭಯ"ಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ "ಪದ್ಯದಲ್ಲಿ ಎಲ್ಲಿದೆ?" ಎಂದು ಕೇಳಿದ್ದರು. ಪುಸ್ತಕ ತೆಗೆದು ನೋಡಿದೆ. ಭಯ ಎಂಬ ಮಾತೇ ಅಲ್ಲಿಲ್ಲ. ಇರುವುದು "ಕೋಪಾರುಣನೇತ್ರಂ", ಸಿಟ್ಟಿಗೆ ಕಣ್ಣು ಕೆಂಪಾದವನು! ಕಾಲೇಜಿನಿಂದಲೂ ಬಾಯಿಪಾಠ ಹೇಳಿಕೊಂಡು ಬಂದ ಪದ್ಯ ಅದು. ಕೂತಲ್ಲೇ ಮೈ ಜುಮ್ಮೆಂದಿತು.

ಅಡಗಿ ಕೂತಾಗಲೂ ಅವನ ಛಲವನ್ನು ಕವಿ ಕುಗ್ಗಿಸುವುದಿಲ್ಲ ಎಂಬ ಒಂದೇ ಮಾತನ್ನು ಹಿಡಿದು ಪ್ರಬಂಧವನ್ನು ಮೊದಲಿನಿಂದ ಬರೆದೆ. ರಣರಂಗದಲ್ಲಿ ಅಭಿಮನ್ಯುವಿನ ಹೆಣದೆದುರು ನಿಂತು, ಇಂಥ ಸಾವು ತನಗೂ ಬರಲಿ ಎಂದು ದುರ್ಯೋಧನ ಬೇಡಿಕೊಳ್ಳುವ ಸಂದರ್ಭ ಹಳೆಯ ಕರಡಿನಲ್ಲಿ "ಮನಕರಗುವಂತಿದೆ" ಎಂಬ ಒಂದು ಸಾಲಾಗಿತ್ತು. ಹೊಸದರಲ್ಲಿ ಅದಕ್ಕೇ ಒಂದು ಪುಟ ಹೋಯಿತು.

ಮೂರನೇ ಭಾನುವಾರ ನಮ್ಮ ವಾದವನ್ನು ಒಪ್ಪದವರ ಪರವಾಗಿ ಬರೆಸಿದರು. ಕಾವ್ಯಕ್ಕೆ ಸಾಹಸಭೀಮವಿಜಯ ಎಂದೇ ಇನ್ನೊಂದು ಹೆಸರಿದೆ, ಆಶ್ರಯದಾತ ಸತ್ಯಾಶ್ರಯನನ್ನು ಕವಿ ಭೀಮನೊಂದಿಗೆ ಸಮೀಕರಿಸಿದ್ದಾನೆ. ಹಾಗಿರುವಾಗ ದುರ್ಯೋಧನನಿಗೆ ಇಷ್ಟು ಎತ್ತರ ಕೊಡುವುದು ಓದುಗರ ಮೋಹವಲ್ಲವೇ? ಇದಕ್ಕೆ ಉತ್ತರಿಸುವ ಒಂದು ಪ್ಯಾರಾಕ್ಕೆ ನನಗೆ ಎರಡು ರಾತ್ರಿ ಹಿಡಿಯಿತು. ಪ್ರಬಂಧದಲ್ಲಿ ಈಗ ನನಗೆ ಧೈರ್ಯ ಕೊಡುವ ಪ್ಯಾರಾ ಅದೇ.

ಒಂದು ಅಂಕ ಕಳೆದದ್ದಕ್ಕೆ ಕಾರಣವಿದೆ. ವಾರದೊಳಗೆ ತಿದ್ದಿ ಕೊಡುತ್ತೇವೆ ಎಂದವರು ಎರಡನೇ ಕರಡು ಕೊಟ್ಟದ್ದು 18 ದಿನಕ್ಕೆ. 28 ಜನರ ಕೈಬರಹವನ್ನು ಒಬ್ಬರೇ ಓದಿದರೆ ಇನ್ನೇನಾಗುತ್ತದೆ? ಹನ್ನೆರಡು ಜನಕ್ಕೆ ನಿಲ್ಲಿಸಿ ಶುಲ್ಕ ಹೆಚ್ಚಿಸಿದರೂ ನಾನು ಕಟ್ಟುತ್ತೇನೆ. ಹಂಚಿದ ಜೆರಾಕ್ಸ್‌ಗಳಲ್ಲಿ ಒತ್ತಕ್ಷರಗಳೇ ಅಳಿಸಿಹೋಗಿದ್ದವು. ಒಂದೊಂದು ಪದದ ಮೇಲೆ ವಾದ ನಿಲ್ಲುವ ತರಗತಿಯಲ್ಲಿ ಇದು ಸಣ್ಣ ಲೋಪವಲ್ಲ.

ಸೇರುವವರು ಪಠ್ಯದ ಸ್ವಂತ ಪ್ರತಿ ತೆಗೆದುಕೊಂಡು ಹೋಗಿ. ಕರಡನ್ನು ಸಾಲು ಬಿಟ್ಟು ಸಾಲು ಬರೆಯಿರಿ, ಎಡಗಡೆ ಅಂಚು ಅಗಲವಾಗಿರಲಿ. ಅವರ ಪೆನ್ಸಿಲಿಗೆ ಜಾಗ ಬೇಕು.